ಎರೆನೆಲದಲ್ಲೊಂದು ಪ್ರಯೋಗಶಾಲೆ

ಜೀವಶಾಸ್ತ್ರದ ಪ್ರಯೋಗಶಾಲೆಯೆಂದೊಡನೆ ಕಣ್ಣಿಗೆ ಕಟ್ಟುವುದು ಬೀಗ ಹಾಕಿದ ಗಾಜಿನ ಬೀರು, ಅದರೊಳಗೆ ಫಾರ್ಮಾಲಿನ್‌ನಲ್ಲಿ ಬಣ್ಣಗೆಟ್ಟ ಹಾವು, ಹಲ್ಲಿ. ವಿದ್ಯಾರ್ಥಿಯಾದರೋ ಜೀವಕೋಶದ ಚಿತ್ರವನ್ನು ಪುಸ್ತಕದಿಂದ ನಕಲು ಮಾಡಿ, ಕೋಶವನ್ನು ಕಾಣದೆಯೇ ಪರೀಕ್ಷೆಯನ್ನು ದಾಟಿಬಿಡುತ್ತಾನೆ.

ರೋಣ ಸೀಮೆಯ ಬೆಳವಣಕಿಯಂಥ ಊರಿನಲ್ಲಿ ಹೊಸದಾಗಿ ಪ್ರಯೋಗಶಾಲೆಯನ್ನು ಕಟ್ಟುವುದಾದರೆ ನಾನು ಬೀರುವಿನಿಂದಲ್ಲ, ಕಿಟಕಿಯಿಂದ ಆರಂಭಿಸುವೆನು. ಉತ್ತರದ ಕಿಟಕಿಯ ಬೆಳಕು ದಿನವೆಲ್ಲ ಹದವಾಗಿರುತ್ತದೆ. ಅದರಡಿ ಅಲುಗಾಡದ ಮೇಜು, ಕನ್ನಡಿಯುಳ್ಳ ಸೂಕ್ಷ್ಮದರ್ಶಕ; ವಿದ್ಯುತ್ತು ಹೋದರೂ ಪಾಠ ನಿಲ್ಲದು. 10 ಪಟ್ಟಿನ ನೇತ್ರಮಸೂರಕ್ಕೆ 45 ಪಟ್ಟಿನ ವಸ್ತುಮಸೂರ ಸೇರಿದರೆ 450 ಪಟ್ಟು ಹಿಗ್ಗಿ ಕಾಣುವುದು. ಉಳ್ಳಾಗಡ್ಡಿಯ ತೆಳುಪೊರೆಗೆ ಒಂದು ಹನಿ ಅಯೋಡಿನ್ ಸಾಕು, ಇಟ್ಟಿಗೆಯ ಗೋಡೆಯಂತೆ ಕೋಶಗಳ ಸಾಲು. 1665ರಲ್ಲಿ ರಾಬರ್ಟ್ ಹುಕ್ ಬೆಂಡಿನ ಸೀಳಿನಲ್ಲಿ ಪ್ರಕಟಿಸಿ ತೋರಿದ್ದು ಬರಿದಾದ ಗೂಡುಗಳನ್ನು. ಕೇಂದ್ರವುಳ್ಳ ತುಂಬಿದ ಕೋಶ ನಮ್ಮ ಹುಡುಗರಿಗೆ ಕಾಣುವುದು.

ಉಳಿದ ಸಾಮಗ್ರಿ ಎರೆಹೊಲದಲ್ಲಿದೆ. ಹಿಂಗಾರಿಯ ಕಡಲೆಗಿಡವನ್ನು ಮಣ್ಣುಸಹಿತ ಅಗೆದು ತೊಳೆದರೆ ಬೇರಿನ ತುಂಬ ಗಂಟುಗಳು. ಸೀಳಿದರೆ ಒಳಗೆ ನಸುಗೆಂಪು. ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಬ್ಯಾಕ್ಟೀರಿಯಗಳ ಬೀಡು ಅದು. ಆ ಬಣ್ಣ ನಮ್ಮ ರಕ್ತದ ಹೀಮೋಗ್ಲೋಬಿನ್ನಿನ ದಾಯಾದಿಯದೆಂದರೆ ಯಾವ ಹುಡುಗಿ ಬೆರಗಾಗದಿರುವಳು? ಕಡಲೆ ಬೆಳೆದ ಹೊಲಕ್ಕೆ ಮರುವರ್ಷ ತಂದೆ ಜೋಳ ಬಿತ್ತುವುದೇಕೆಂಬುದೂ ಅಲ್ಲಿಯೇ ತಿಳಿದೀತು.

ಕಪ್ಪೆಯ ಮಾತೇನು? ವಿಶ್ವವಿದ್ಯಾಲಯ ಅನುದಾನ ಆಯೋಗವು 2011ರಲ್ಲಿ ಪ್ರಾಣಿಛೇದನವನ್ನು ಹಂತಹಂತವಾಗಿ ಕೈಬಿಡಲು ಸೂಚಿಸಿತು. ಒಳ್ಳೆಯದೇ ಆಯಿತು. ಆದರೆ ಛೇದನ ಹೋದ ಜಾಗದಲ್ಲಿ ಗೋಡೆಯ ಪಟ ಬಂದು ಕುಳಿತರೆ ನಷ್ಟ ವಿದ್ಯಾರ್ಥಿಯದೇ. ಕೆರೆಯ ನೀರಿನಲ್ಲಿ ಒಣಹುಲ್ಲು ನೆನೆಸಿ ಕೆಲವು ದಿನ ಇಡಲಿ. ಒಂದು ಹನಿಯಲ್ಲಿ ಪ್ಯಾರಾಮೀಸಿಯಂ ಈಜುತ್ತಿರುವುದು ಕಂಡೀತು.