ಬೋಟಿನಲ್ಲಿ ಬೇಸ್ ಎಲ್ಲಿ ಹೋಗುತ್ತೆ? ಸಬ್‌ವೂಫರ್ ಆರಿಸೋದು, ಇಡೋದು ಹೇಗೆ

ವಿಡಿಯೊ ನೋಡೋಕೆ ಸಮಯ ಸಿಗದವರಿಗೆ ಅದರ ಬರಹ ರೂಪ ಇಲ್ಲಿದೆ. ಸಾನಪಾಡಾದಲ್ಲಿ ಲೋಕಲ್ ಹತ್ತಿ ಓದೋಕೆ ಶುರು ಮಾಡಿದರೆ ಮಾನ್‌ಖುರ್ದ್ ಬರೋಷ್ಟರಲ್ಲಿ ಮುಗಿಯುತ್ತೆ.

ಮಲ್ಪೆ ಕಡೆಯ ಗೆಳೆಯನೊಬ್ಬ ತನ್ನ ಸಣ್ಣ ಫೈಬರ್ ಬೋಟಿಗೆ ಸಬ್‌ವೂಫರ್ ಹಾಕಿಸಬೇಕು ಅಂತಿದ್ದಾನೆ. ಅವನ ಪ್ರಶ್ನೆ: "10 ಇಂಚು ಸಾಕಾ, 12 ಇಂಚಿಂದೇ ಬೇಕಾ?" ನನ್ನ ಉತ್ತರ: ಇಂಚು ಕೊನೆಗೆ ನೋಡೋಣ, ಮೊದಲು ಜಾಗ ಹೇಳು.

ಮನೆಯಲ್ಲಿ ಗೋಡೆ ಸಹಾಯ ಮಾಡುತ್ತೆ

ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತೆ. ಹಾಗಾಗಿ 50 ಹರ್ಟ್ಸ್‌ನ ಒಂದು ಅಲೆಯ ಉದ್ದ ಹತ್ತಿರ ಹತ್ತಿರ 7 ಮೀಟರ್. ನಮ್ಮ ಸಾನಪಾಡಾ ಫ್ಲ್ಯಾಟುಗಳ ಹಾಲಿಗಿಂತ ಇದೇ ದೊಡ್ಡದು! ಮೂಲೆಯಲ್ಲಿ ಸಬ್‌ವೂಫರ್ ಇಟ್ಟರೆ ಎರಡು ಗೋಡೆ, ಒಂದು ನೆಲ ಸೇರಿ ಆ ಶಬ್ದವನ್ನು ವಾಪಸ್ ನಮ್ಮ ಕಡೆಗೇ ತಳ್ಳುತ್ತವೆ. ಚಿಕ್ಕ ಸಬ್‌ವೂಫರ್ ಕೂಡ ಗುಡುಗೋದು, ಕೆಳಗಿನ ಮನೆಯವರು ಬಂದು ಬೆಲ್ ಒತ್ತೋದು ಇದಕ್ಕೇ.

ಬೋಟಿನಲ್ಲಿ ಗೋಡೆಯೂ ಇಲ್ಲ, ಸೂರೂ ಇಲ್ಲ. ತೆರೆದ ಜಾಗದಲ್ಲಿ ದೂರ ಎರಡು ಪಟ್ಟಾದರೆ ಶಬ್ದ 6 ಡೆಸಿಬಲ್ ಕಡಿಮೆಯಾಗುತ್ತೆ. ಆ 6 ಡೆಸಿಬಲ್ ಬರೀ ಆಂಪ್ಲಿಫೈಯರ್‌ನಿಂದ ವಾಪಸ್ ಪಡೀಬೇಕಂದ್ರೆ ನಾಲ್ಕು ಪಟ್ಟು ವ್ಯಾಟ್ ಬೇಕು: 200 ಇದ್ದದ್ದು 800. ಅದೇ ಸಬ್‌ವೂಫರನ್ನು ಕೇಳುವವರಿಗೆ ಅರ್ಧ ದೂರ ಹತ್ತಿರ ತಂದರೆ ಅದು ಪುಕ್ಕಟೆ ಸಿಗುತ್ತೆ. ಇವತ್ತಿನ ವಿಷಯದ ಸಾರ ಇಷ್ಟೇ.

ಎಂಜಿನ್ ಕೂಡ ಬೇಸ್ ಬಾರಿಸುತ್ತೆ

ನಾಲ್ಕು ಸಿಲಿಂಡರಿನ ಫೋರ್‌ಸ್ಟ್ರೋಕ್ ಎಂಜಿನ್ ಒಂದು ಸುತ್ತಿಗೆ ಎರಡು ಸಲ ಫೈರ್ ಆಗುತ್ತೆ. 2400 ಆರ್‌ಪಿಎಂ ಅಂದರೆ ಸೆಕೆಂಡಿಗೆ 40 ಸುತ್ತು, 80 ಸಲ ಫೈರಿಂಗ್. ಅಂದರೆ 80 ಹರ್ಟ್ಸ್, ಸಬ್‌ವೂಫರ್ ಕೆಲಸ ಮಾಡುವ ಜಾಗವೇ. ಬೋಟ್ ಓಡುವಾಗ ಬೇಸ್ ಮಾಯವಾಯ್ತು ಅನ್ನಿಸೋದು ಇದರಿಂದ. ಆಗ ವಾಲ್ಯೂಮ್ ಏರಿಸಬೇಡಿ. ಬೋಟ್ ನಿಂತಾಗ ಚೆನ್ನಾಗಿ ಕೇಳಿಸುವ ಹಾಗೆ ಸೆಟ್ ಮಾಡಿದರೆ ಸಾಕು.

ಯಾವ ಬಾಕ್ಸ್?

ಮೂರು ದಾರಿಗಳಿವೆ. ಸೀಲ್ಡ್ ಬಾಕ್ಸ್ ಚಿಕ್ಕದು, ನೀರು ಒಳಗೆ ಹೋಗೋದು ಕಷ್ಟ. ಪೋರ್ಟೆಡ್ ಬಾಕ್ಸ್ ಅಷ್ಟೇ ವ್ಯಾಟಿಗೆ ಜಾಸ್ತಿ ಸದ್ದು ಕೊಡುತ್ತೆ, ಆದರೆ ಜಾಗ ಹೆಚ್ಚು ತಿನ್ನುತ್ತೆ, ಪೋರ್ಟಿನಿಂದ ಉಪ್ಪುನೀರಿನ ತುಂತುರು ಒಳಗೆ ಹೋಗುತ್ತೆ. ಮೂರನೆಯದು ಫ್ರೀ-ಏರ್: ಬಾಕ್ಸೇ ಇಲ್ಲದೆ ಸೀಟಿನ ಕೆಳಗಿನ ಪೆಟ್ಟಿಗೆಗೆ ನೇರ ಕೂರಿಸೋದು. ಕೇಳೋಕೆ ಸುಲಭ. ಆದರೆ ಕೋನ್‌ನ ಹಿಂದಿನ ಶಬ್ದ ಮುಂದಿನದಕ್ಕೆ ಪೂರ್ತಿ ಉಲ್ಟಾ. ಪೆಟ್ಟಿಗೆಯಲ್ಲಿ ಸಂದಿ ಇದ್ದರೆ ಹಿಂದಿನದು ಹೊರಗೆ ಬಂದು ಮುಂದಿನದನ್ನು ಹೊಡೆದು ಹಾಕುತ್ತೆ. ಬೋಟಿನ ಪೆಟ್ಟಿಗೆಗಳಲ್ಲಿ ನೀರು ಹೋಗೋಕೆ ತೂತು ಇದ್ದೇ ಇರುತ್ತೆ, ಅದನ್ನು ಮುಚ್ಚೋ ಹಾಗೂ ಇಲ್ಲ. ಅದಕ್ಕೇ ಸಣ್ಣ ಬೋಟಿಗೆ ನನ್ನ ಓಟು ಸೀಲ್ಡ್ ಬಾಕ್ಸಿಗೆ. ಗೆಳೆಯನಿಗೆ 10 ಇಂಚು ಸಾಕು.

ಎಲ್ಲಿ ಇಡೋದು?

80 ಹರ್ಟ್ಸ್‌ಗಿಂತ ಕೆಳಗಿನ ಶಬ್ದ ಯಾವ ದಿಕ್ಕಿನಿಂದ ಬಂತು ಅಂತ ಕಿವಿಗೆ ಸರಿಯಾಗಿ ಗೊತ್ತಾಗಲ್ಲ. ಹಾಗಾಗಿ ಅದು ಕಣ್ಣೆದುರು ಇರಬೇಕಿಲ್ಲ, ಹತ್ತಿರ ಇದ್ದರಾಯ್ತು. ಸ್ಟೀರಿಂಗ್ ಮುಂದೆ ಕಾಲಿಡುವ ಗೂಡು ಒಳ್ಳೇ ಜಾಗ, ಮೂರು ಕಡೆ ಮುಚ್ಚಿರುತ್ತೆ. ಇಲ್ಲವಾದರೆ ಜನ ಕೂರುವ ಸೀಟಿನ ಕೆಳಗೆ, ಬಾಯಿ ಕಾಲಿನ ಕಡೆಗೆ. ಬೋಟಿನ ಮೂತಿಯಲ್ಲಿ ಬೇಡ. ಅಲ್ಲಿ ಕುಲುಕು ಜಾಸ್ತಿ, ಕೇಳುವವರು ದೂರ.

ಉಳಿದ ಸ್ಪೀಕರ್‌ಗಳು ಸಬ್‌ವೂಫರ್‌ಗಿಂತ ಎರಡು ಮೀಟರ್ ಆಚೆ ಇದ್ದರೆ, 80 ಹರ್ಟ್ಸ್ ಹತ್ತಿರ ಎರಡೂ ಒಂದನ್ನೊಂದು ಕಳೆದುಕೊಳ್ಳಬಹುದು, ಯಾಕಂದ್ರೆ ಅದು ಅರ್ಧ ಅಲೆಯ ದೂರ. ಫೇಸ್ ಸ್ವಿಚ್ 0, 180 ಎರಡರಲ್ಲೂ ಇಟ್ಟು ಕೇಳಿ. ಯಾವುದರಲ್ಲಿ ಬೇಸ್ ತುಂಬಿ ಬರುತ್ತೋ ಅದೇ ಸರಿ.

ಎಲ್ಲಿ ಇಡಲೇಬಾರದು?

ಇದನ್ನು ಮಾತ್ರ ದಯವಿಟ್ಟು ಎರಡು ಸಲ ಓದಿ. ಪೆಟ್ರೋಲ್ ಟ್ಯಾಂಕ್ ಅಥವಾ ಪೆಟ್ರೋಲ್ ಎಂಜಿನ್ ಇರುವ ಕಂಪಾರ್ಟ್‌ಮೆಂಟಿನಲ್ಲಿ ಸಬ್‌ವೂಫರೂ ಬೇಡ, ಆಂಪ್ಲಿಫೈಯರೂ ಬೇಡ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ತಳದಲ್ಲಿ ಬಂದು ಕೂರುತ್ತೆ. ಸಡಿಲ ಕನೆಕ್ಷನ್ನಿನ ಒಂದು ಕಿಡಿ ಸಾಕು. ನೀರಿನ ಮಧ್ಯೆ ಬೆಂಕಿ ಬಿದ್ದರೆ ಓಡೋಕೆ ಜಾಗ ಇರಲ್ಲ.

ಹಾಗೇ ದಿಕ್ಸೂಚಿಯ ಪಕ್ಕವೂ ಬೇಡ. ಸಬ್‌ವೂಫರಿನ ದೊಡ್ಡ ಮ್ಯಾಗ್ನೆಟ್ ಮುಳ್ಳನ್ನು ಎಳೆಯುತ್ತೆ. ಮುಳ್ಳು ಕದಲದಷ್ಟು ದೂರ ಇಡಿ, ಇಟ್ಟಮೇಲೆ ಪರೀಕ್ಷೆ ಮಾಡಿ.

ಕರೆಂಟಿನ ಲೆಕ್ಕ

500 ವ್ಯಾಟಿನ ಕ್ಲಾಸ್-ಡಿ ಆಂಪ್ಲಿಫೈಯರ್ ಶೇ. 80 ದಕ್ಷತೆಯಲ್ಲಿ, ಪೂರ್ತಿ ಜೋರಿನಲ್ಲಿ 12.5 ವೋಲ್ಟಿಗೆ 50 ಆಂಪಿಯರ್ ಎಳೆಯುತ್ತೆ. ಬ್ಯಾಟರಿ 5 ಮೀಟರ್ ದೂರ ಅಂದರೆ ಹೋಗಿ ಬರೋ ವೈರ್ 10 ಮೀಟರ್. 10 ಚದರ ಮಿ.ಮೀ. ತಾಮ್ರದಲ್ಲಿ ಹತ್ತಿರ ಹತ್ತಿರ 0.9 ವೋಲ್ಟ್ ದಾರಿಯಲ್ಲೇ ಹೋಗುತ್ತೆ, 25 ಚದರ ಮಿ.ಮೀ.ನಲ್ಲಿ 0.4ರ ಒಳಗೆ. ತವರ ಲೇಪಿಸಿದ ತಾಮ್ರದ ವೈರೇ ಕೇಳಿ ತಗೊಳ್ಳಿ, ಬರೀ ತಾಮ್ರ ಉಪ್ಪುಗಾಳಿಗೆ ಹಸಿರುಗಟ್ಟುತ್ತೆ. ಫ್ಯೂಸ್ ಬ್ಯಾಟರಿಯ ಹತ್ತಿರವೇ ಇರಲಿ. ಹಾಡಿಗೆ ಬೇರೆ ಬ್ಯಾಟರಿ ಇಡಿ. ಇಲ್ಲದಿದ್ದರೆ ಹಾಡು ಮುಗಿದ ಮೇಲೆ ಎಂಜಿನ್ ಸ್ಟಾರ್ಟ್ ಆಗಲ್ಲ.

ಲ್ಯಾಮಿಂಗ್ಟನ್ ರೋಡಿಗೆ ಹೋದರೆ ಕಾರಿನ ಸಬ್‌ವೂಫರ್ ಅಗ್ಗಕ್ಕೆ ಕಾಣುತ್ತೆ. ಅದರ ಕೋನ್ ಪೇಪರಿನದಾದರೆ, ಬಾಕ್ಸ್ ಎಂಡಿಎಫ್ ಆದರೆ ಬಿಟ್ಟುಬಿಡಿ, ಒಂದು ಮಳೆಗಾಲವೂ ಬಾಳಲ್ಲ. ಪ್ಲಾಸ್ಟಿಕ್ ಕೋನ್, ರಬ್ಬರ್ ಅಂಚು, ಸ್ಟೇನ್‌ಲೆಸ್ ಸ್ಕ್ರೂ ನೋಡಿ.

ಕೊನೆಯ ಮಾತು

ಎಷ್ಟೇ ಚೆನ್ನಾಗಿ ಹಾಕಿಸಿದರೂ ಬೋಟ್ ನಡೆಸುವವರಿಗೆ ಇನ್ನೊಂದು ಬೋಟಿನ ಹಾರ್ನ್, ವಿಎಚ್‌ಎಫ್ ರೇಡಿಯೊದ 16ನೇ ಚಾನೆಲ್ ಕೇಳಿಸಬೇಕು. ಇನ್ನು ನಮ್ಮ ಪಾಮ್ ಬೀಚ್ ರೋಡಿನ ಆಚೆಗಿನ ಥಾಣೆ ಖಾಡಿಯಲ್ಲಿ ಇದರ ಪ್ರಯೋಗ ಬೇಡ. 2015ರಲ್ಲಿ ಅದರ ಒಂದು ಭಾಗ ರಾಜಹಂಸಗಳ ಅಭಯಾರಣ್ಯ ಆಯಿತು, 2022ರಲ್ಲಿ ರಾಮ್‌ಸರ್ ಪಟ್ಟಿಗೂ ಸೇರಿತು. ಅಲ್ಲಿ ಅವುಗಳ ಸದ್ದೇ ಸಾಕು.

ನಿಮ್ಮ ಊರ ಕಡೆ ಯಾರಾದರೂ ಬೋಟ್ ಇಟ್ಟಿದ್ದರೆ ಇದನ್ನು ಕಳಿಸಿ, ಪೆಟ್ರೋಲ್ ಟ್ಯಾಂಕಿನ ಭಾಗವನ್ನಾದರೂ ಓದೋಕೆ ಹೇಳಿ. ಮುಂದಿನ ಮಾತುಕತೆಯಲ್ಲಿ ಸಿಗೋಣ.