ಮನೆಯೇ ಗಾಡಿಯೇರಿದಾಗ ವೇಗವೆಷ್ಟಿರಬೇಕು?

ಸಿಂಗಟಗೆರೆಯಿಂದ ಕೂಡಲಸಂಗಮಕ್ಕೆ ಕುಟುಂಬಸಮೇತ ಹೋಗಿಬರಬೇಕೆಂಬ ಬಯಕೆ ನಮ್ಮ ಮನೆಯಲ್ಲಿ ಬಹುಕಾಲದಿಂದಲೂ ಇದ್ದಿತು. ನಮ್ಮ ತಾಯಿಯವರಿಗೆ ಈಗ ೮೨ ವರ್ಷ. ಮಂಡಿನೋವು, ಮೇಲಿಂದ ಮೇಲೆ ಶೌಚಕ್ಕೆ ಏಳಬೇಕಾದ ತೊಂದರೆ, ಹೊರಗಿನ ಊಟ ಒಗ್ಗದ ಮೈ. ಹೀಗಾಗಿ ಬಸ್ಸಾಗಲಿ ಕಾರಾಗಲಿ ಅವರಿಗೆ ಹೊಂದುತ್ತಿರಲಿಲ್ಲ. ಬೆಂಗಳೂರಿನಲ್ಲಿರುವ ನಮ್ಮ ತಮ್ಮನ ಮಗ ಇದಕ್ಕೊಂದು ಉಪಾಯ ಕಂಡುಕೊಂಡನು. ಹಾಸಿಗೆ, ಒಲೆ, ನೀರಿನ ತೊಟ್ಟಿ, ಶೌಚಗೃಹಗಳೆಲ್ಲ ಒಳಗೇ ಇರುವ, ಕ್ಯಾರವಾನ್ ಎಂದು ಕರೆಯುವ ಮನೆ-ವಾಹನವೊಂದನ್ನು ಚಾಲಕನೊಡನೆ ನಾಲ್ಕು ದಿನಗಳ ಮಟ್ಟಿಗೆ ಬಾಡಿಗೆಗೆ ಗೊತ್ತುಮಾಡಿ, ಕಳೆದ ಪುಷ್ಯಮಾಸದಲ್ಲಿ ಊರಿಗೆ ಕಳುಹಿಸಿದನು.

ವಾಹನ ಬಂದು ನಿಂತಾಗ ಬೀದಿಯ ಮಕ್ಕಳೆಲ್ಲ ಹತ್ತಿ ಇಳಿದರು. ಪಕ್ಕದ ಮನೆಯ ಹಿರಿಯರೊಬ್ಬರು ಒಳಗೆಲ್ಲ ಕಣ್ಣಾಡಿಸಿ, “ಇದೇನ್ ಹೊಸದಲ್ಲ ಕಣಪ್ಪ, ನಮ್ಮ ಕಾಲದ ಕಮಾನು ಗಾಡಿನೇ. ಎತ್ತು ಇಲ್ಲ ಅಷ್ಟೇಯ” ಎಂದರು. ಮಾತು ಸುಳ್ಳಲ್ಲ. ಉಳವಿಯ ಚನ್ನಬಸವೇಶ್ವರ ಜಾತ್ರೆಗೆ ಧಾರವಾಡ, ಬೆಳಗಾವಿ ಕಡೆಯ ಭಕ್ತರು ಇಂದಿಗೂ ಚಕ್ಕಡಿ ಕಟ್ಟಿಕೊಂಡು, ಅಕ್ಕಿಬೇಳೆ ಪಾತ್ರೆಪಗಡಗಳೊಡನೆ ಹೋಗುವುದುಂಟು. ಮನೆಯನ್ನೇ ಗಾಡಿಗೇರಿಸುವುದು ನಮ್ಮವರಿಗೆ ಹಳೆಯ ರೂಢಿ. ಒಂದೇ ವ್ಯತ್ಯಾಸ. ಎತ್ತಿನ ಗಾಡಿ ಗಂಟೆಗೆ ಮೂರು ನಾಲ್ಕು ಕಿಲೋಮೀಟರು ಸಾಗುತ್ತದೆ, ಆ ವೇಗವನ್ನು ಎತ್ತುಗಳೇ ನಿಶ್ಚಯಿಸುತ್ತವೆ. ಈ ಹೊಸ ಗಾಡಿಯ ವೇಗವನ್ನು ನಿಶ್ಚಯಿಸಬೇಕಾದವರು ನಾವು. ಅದನ್ನು ನಾವು ಯೋಚಿಸಿಯೇ ಇರಲಿಲ್ಲ.

ಹೊಸದುರ್ಗ, ಹೊಳಲ್ಕೆರೆಗಳ ಮೂಲಕ ಚಿತ್ರದುರ್ಗ ಸೇರಿ, ಅಲ್ಲಿಂದ ಹೊಸಪೇಟೆ, ಕುಷ್ಟಗಿ, ಇಳಕಲ್ಲು, ಹುನಗುಂದದ ದಾರಿ ಹಿಡಿಯುವುದೆಂದು ಗೊತ್ತಾಗಿತ್ತು. ಹಿಂದೆ ೧೩ನೆಯ ರಾಷ್ಟ್ರೀಯ ಹೆದ್ದಾರಿ ಎನಿಸಿಕೊಂಡಿದ್ದ ಈ ರಸ್ತೆ ಈಗ ೫೦ನೆಯ ಸಂಖ್ಯೆಯದಾಗಿ, ನಾಲ್ಕು ಪಥಗಳಾಗಿ ಅಗಲಗೊಂಡಿದೆ. ಹೊರಡುವಾಗಲೇ ತಡವಾಗಿದ್ದುದರಿಂದ, ಚಿತ್ರದುರ್ಗ ದಾಟುತ್ತಲೂ ನಾವು ಚಾಲಕನಿಗೆ, “ತಮ್ಮಾ, ಸಂಜೆಯ ಪೂಜೆಯ ಹೊತ್ತಿಗೆ ಸಂಗಮದಲ್ಲಿರಬೇಕು, ಸ್ವಲ್ಪ ಬೇಗ ಹೋಗಲಿ” ಎಂದೆವು. ಆತ ಮುಳ್ಳನ್ನು ೮೦ಕ್ಕೆ ಏರಿಸಿದವನು ಇಳಿಸಲಿಲ್ಲ. ಅದಕ್ಕಿಂತ ಮೇಲೆ ಆ ಗಾಡಿ ಹೋಗುತ್ತಲೂ ಇರಲಿಲ್ಲ. ಬಾಡಿಗೆಯ ಸಾರಿಗೆ ವಾಹನಗಳಲ್ಲಿ ೮೦ ಕಿಲೋಮೀಟರಿಗೆ ಕಟ್ಟುಹಾಕುವ ವೇಗನಿಯಂತ್ರಕವಿರಬೇಕೆಂಬ ನಿಯಮ ೨೦೧೫ರಲ್ಲಿ ಬಂದಿದೆ. ಕಾನೂನು ಒಪ್ಪಿದ ವೇಗವಲ್ಲವೇ ಎಂದು ನಾವು ಮುಂದಿನ ಆಸನದಲ್ಲಿ ನಿಶ್ಚಿಂತೆಯಿಂದ ಕುಳಿತಿದ್ದೆವು.

ಸುಮಾರು ಒಂದು ಗಂಟೆ ಕಳೆದಿರಬಹುದು. ಸೇತುವೆಯೊಂದರ ತುದಿಯಲ್ಲಿ, ರಸ್ತೆಯೂ ಸೇತುವೆಯೂ ಕೂಡುವ ಕಡೆ, ಗಾಡಿ ಒಮ್ಮೆ ಕುಪ್ಪಳಿಸಿತು. ಹಿಂದಿನಿಂದ ದೊಡ್ಡ ಸದ್ದು. ಅಡುಗೆಯ ಗೂಡಿನ ಬಾಗಿಲು ಕಳಚಿ, ಕುಕ್ಕರು ಬಂದು ಹಾಸಿಗೆಯ ಮೇಲೆ, ನಮ್ಮ ತಾಯಿಯವರ ತಲೆಯಿಂದ ಗೇಣು ದೂರದಲ್ಲಿ ಬಿದ್ದಿತ್ತು. ಗಾಡಿ ನಿಲ್ಲಿಸಿ ಹೋಗಿ ನೋಡಿದರೆ ಅವರು ಮಲಗಿರಲಿಲ್ಲ. ಎರಡೂ ಕೈಗಳಿಂದ ಕಿಟಕಿಯ ಕಂಬಿಯನ್ನು ಹಿಡಿದು ಕುಳಿತಿದ್ದರು. ಬೆರಳುಗಳು ಕೆಂಪಗೆ ಬಾತಿದ್ದವು. ದುರ್ಗ ಬಿಟ್ಟಾಗಿನಿಂದಲೂ ಹಾಗೆಯೇ ಕುಳಿತಿದ್ದರಂತೆ. ಏಕೆ ಹೇಳಲಿಲ್ಲವೆಂದು ಕೇಳಿದರೆ, “ನಿಮಗೆ ಹೊತ್ತಾಗ್ತದೆ ಅಂತಿದ್ರಲ್ಲಪ್ಪ” ಎಂದರು. ಸ್ವಲ್ಪ ಸುಧಾರಿಸಿಕೊಂಡು, “ಸಂಗಮನಾಥ ಎಲ್ಲಿಗೂ ಓಡಿಹೋಗಲ್ಲ ಕಣೋ ಮಗಾ” ಎಂದೂ ಸೇರಿಸಿದರು.

ಚಾಲಕನನ್ನು ಗದರಿಸಲು ನಮಗೆ ಬಾಯಿ ಬರಲಿಲ್ಲ. “ಬೇಗ ಅಂದವರು ನೀವೇ, ಸ್ವಾಮಿ. ನನ್ನ ಸೀಟಿನಲ್ಲಿ ಏನೂ ಗೊತ್ತಾಗೋದಿಲ್ಲ” ಎಂದನಾತ. ಆ ಎರಡನೆಯ ಮಾತೇ ಈ ಲೇಖನಕ್ಕೆ ಕಾರಣ. ಇಂತಹ ಗಾಡಿಗಳ ಮೈ ಹಿಂದಿನ ಚಕ್ರಗಳಿಂದಾಚೆಗೂ ಬಹಳ ಚಾಚಿರುತ್ತದೆ. ಹಾಸಿಗೆ ಇರುವುದು ಸಾಮಾನ್ಯವಾಗಿ ಆ ಚಾಚಿನ ಮೇಲೆಯೇ. ಏತದ ತುದಿಯಂತೆ, ನಡುವೆ ಕುಳಿತವನಿಗೆ ಒಂದು ಬೆರಳು ಏರಿಳಿದರೆ ತುದಿಯವನಿಗೆ ಒಂದು ಮೊಳ. ಮುಂದೆ ಕುಳಿತು ವೇಗವನ್ನು ನಿಶ್ಚಯಿಸುವವನಿಗೆ ಅದರ ಕಷ್ಟ ತಿಳಿಯುವುದೇ ಇಲ್ಲ.

ಹೊಸಪೇಟೆಯಲ್ಲಿ ಊಟ ಮುಗಿಸಿದ ಮೇಲೆ ನಾವು ನಮ್ಮ ಆಸನವನ್ನು ತಮ್ಮನ ಮಗನಿಗೆ ಬಿಟ್ಟು ಹಿಂದೆ ಹೋಗಿ, ತಾಯಿಯವರ ಪಕ್ಕದಲ್ಲಿ ಬೆಲ್ಟು ಬಿಗಿದು ಕುಳಿತೆವು. ಅವರನ್ನೂ ಹಾಸಿಗೆಯಿಂದೆಬ್ಬಿಸಿ ಬೆಲ್ಟುಳ್ಳ ಆಸನದಲ್ಲಿ ಕೂರಿಸಿದೆವು. ಗಾಡಿ ಓಡುವಾಗ ಹಾಸಿಗೆಯಲ್ಲಿ ಯಾರನ್ನೂ ಮಲಗಿಸಬಾರದು, ಒಲೆ ಹಚ್ಚಬಾರದು, ಅನಿಲದ ಸಿಲಿಂಡರಿನ ಕವಾಟ ಮುಚ್ಚಿರಬೇಕು. ಇದನ್ನು ಬಾಡಿಗೆಗೆ ಕೊಡುವಾಗಲೇ ಹೇಳಿದ್ದರು. ಕೇಳಿಸಿಕೊಂಡಿದ್ದೆವು, ಅಷ್ಟೆ.

ಚಾಲಕನಿಗೆ ಹತ್ತು ಹತ್ತು ನಿಮಿಷ ಒಂದೊಂದು ವೇಗದಲ್ಲಿ ನಡೆಸೆಂದು ಹೇಳಿದೆವು. ೮೦ರಲ್ಲಿ ಇಂಜಿನು ಮತ್ತು ಗಾಳಿಯ ಸದ್ದು ಸೇರಿ, ಎದುರಿಗಿದ್ದ ಸೊಸೆಯೊಡನೆ ಕೂಗಿ ಮಾತನಾಡಬೇಕಾಯಿತು. ಪಕ್ಕದಲ್ಲಿ ಬಸ್ಸೊಂದು ಹಾದುಹೋದಾಗ ಗಾಡಿ ಮೊದಲು ಆಚೆಗೆ ತಳ್ಳಿಸಿಕೊಂಡು, ಅನಂತರ ಈಚೆಗೆ ಎಳೆಸಿಕೊಂಡಿತು. ಚಾಲಕನ ಕೈಗಳು ಚಕ್ರದ ಮೇಲೆ ಬಿಗಿಯಾಗಿದ್ದುದು ಹಿಂದಿನಿಂದಲೂ ಕಾಣುತ್ತಿತ್ತು. ೭೦ರಲ್ಲಿ ಸದ್ದು ತಗ್ಗಿತು, ತಳ್ಳಾಟ ಉಳಿಯಿತು. ೬೫ರ ಹತ್ತಿರ ಬಂದಾಗ ಸಾಧಾರಣ ಧ್ವನಿಯಲ್ಲಿ ಮಾತು ನಡೆಯಿತು. ತಾಯಿಯವರು ಕಂಬಿಯಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು. ೫೫ಕ್ಕೆ ಇಳಿಸಿದರೆ ಇನ್ನೂ ಹಿತವಾದೀತೆಂದುಕೊಂಡಿದ್ದೆವು. ಆದರೆ ಅದಿರಿನ ಲಾರಿಗಳು ಬೆನ್ನಿಗೇ ಬಂದು ಹಾರನ್ನು ಮಾಡತೊಡಗಿದವು. ಹೆದ್ದಾರಿಯಲ್ಲಿ ಎಲ್ಲರಿಗಿಂತ ನಿಧಾನವಾಗುವುದೂ ಒಂದು ಅಪಾಯವೇ. ಆದುದರಿಂದ ಎಡ ಪಥ ಹಿಡಿದು ೬೫ಕ್ಕೆ ನಿಂತೆವು.

ರಾತ್ರಿ ಕೂಡಲಸಂಗಮದ ಯಾತ್ರಿನಿವಾಸದಲ್ಲಿ ತಮ್ಮನ ಮಗ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದನು. ಚಿತ್ರದುರ್ಗದಿಂದ ಸಂಗಮಕ್ಕೆ ಸುಮಾರು ೨೫೦ ಕಿಲೋಮೀಟರು. ಎಲ್ಲಿಯೂ ನಿಲ್ಲದೆ ೮೦ರಲ್ಲೇ ಹೋದರೂ ಮೂರು ಗಂಟೆ ಏಳು ನಿಮಿಷ ಬೇಕು. ೬೫ರಲ್ಲಾದರೆ ಮೂರು ಗಂಟೆ ಐವತ್ತೊಂದು ನಿಮಿಷ. ಉಳಿಯುವುದು ಮುಕ್ಕಾಲು ಗಂಟೆಯೂ ಅಲ್ಲ. ಅದಕ್ಕೆ ಬದಲಾಗಿ ಕಳೆದುಕೊಳ್ಳುವುದೇನು? ಚಾಲಕ ಅಪಾಯ ಕಂಡು ಬ್ರೇಕು ಒತ್ತಲು ಒಂದೂವರೆ ಸೆಕೆಂಡು ಹಿಡಿಯಿತೆನ್ನೋಣ, ರಸ್ತೆ ಒಣಗಿದೆಯೆನ್ನೋಣ. ಭಾರವಾದ ಇಂತಹ ಗಾಡಿ ೬೫ರಲ್ಲಿ ನಿಲ್ಲಲು ಸುಮಾರು ೬೦ ಮೀಟರು, ೮೦ರಲ್ಲಿ ೮೦ ಮೀಟರಿಗೂ ಹೆಚ್ಚು ಬೇಕಾಗುತ್ತದೆ. ನಡುವಿನ ಅಂತರ ಎರಡು ಬಸ್ಸುಗಳ ಉದ್ದ. ವೇಗ ಕಾಲುಭಾಗದಷ್ಟು ಹೆಚ್ಚಿದರೆ ಗಾಡಿಯ ರಭಸ ಒಂದೂವರೆ ಪಟ್ಟಾಗುತ್ತದೆ. ಗಾಳಿಯ ತಡೆಯೂ ಅದೇ ಲೆಕ್ಕದಲ್ಲಿ ಏರುವುದರಿಂದ, ಗೋಡೆಯಂತೆ ಎದೆಯೊಡ್ಡಿ ಹೋಗುವ ಈ ಗಾಡಿ ಡೀಸೆಲನ್ನೂ ಹಾಗೆಯೇ ಕುಡಿಯುತ್ತದೆ.

ಗಾಳಿಯ ಮಾತು ಬಂದಾಗ ಚಿತ್ರದುರ್ಗದ ಬಗ್ಗೆ ಒಂದು ಮಾತು. ಅಲ್ಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳ ಸಾಲು ತಿರುಗುವುದನ್ನು ಓದುಗರು ಕಂಡಿರುತ್ತಾರೆ. ಮಕ್ಕಳು ಅದನ್ನು ನೋಡಿ ಚಪ್ಪಾಳೆ ತಟ್ಟಿದರು. ನಾವೂ ನೋಡಿ ಸಂತೋಷಪಟ್ಟೆವು. ಅಷ್ಟು ಯಂತ್ರಗಳನ್ನು ಅಲ್ಲಿ ನಿಲ್ಲಿಸಿರುವುದು ಅಲ್ಲಿ ಗಾಳಿ ಬಲವಾಗಿ ಬೀಸುವುದರಿಂದಲೇ ಎಂಬುದು ನಮಗೆ ಹೊಳೆಯಲಿಲ್ಲ. ಎತ್ತರದ, ಚಪ್ಪಟೆ ಮಗ್ಗುಲಿನ ಗಾಡಿಗೆ ಅಡ್ಡಗಾಳಿಯೇ ವೈರಿ. ಗುಡ್ಡದ ಮರೆಯಿಂದ ಬಯಲಿಗೆ ಬರುವಲ್ಲಿ, ಸೇತುವೆಗಳ ಮೇಲೆ, ನಾವು ಆಮೇಲೆ ೫೫ಕ್ಕೆ ಇಳಿಸುತ್ತಿದ್ದೆವು. ಛಾವಣಿಯ ಮೇಲೆ ಕಟ್ಟಿದ್ದ ಅಕ್ಕಿಮೂಟೆ, ಹಾಸಿಗೆಸುರುಳಿಗಳನ್ನು ಇಳಿಸಿ ಒಳಗೆ ನೆಲದ ಮೇಲಿಟ್ಟ ಮೇಲೆ ತೂಗಾಟ ಎಷ್ಟೋ ಕಡಿಮೆಯಾಯಿತು. ನೀರಿನ ತೊಟ್ಟಿಯದೂ ಒಂದು ಗುಟ್ಟು. ಅರ್ಧ ತುಂಬಿದ ತೊಟ್ಟಿಯಲ್ಲಿ ನೀರು ಆಚೀಚೆ ಅಪ್ಪಳಿಸಿ ಗಾಡಿಯನ್ನು ಅಲುಗಿಸುತ್ತದೆ. ನೂರು ಲೀಟರು ನೀರೆಂದರೆ ನೂರು ಕಿಲೋ ತೂಕ. ತುಂಬ ತುಂಬಿಸಿಡಬೇಕು, ಇಲ್ಲವೇ ಅಗತ್ಯದಷ್ಟನ್ನು ಕೊಡಗಳಲ್ಲಿಟ್ಟು ತೊಟ್ಟಿಯನ್ನು ಬರಿದಾಗಿಡಬೇಕು. ಟೈರುಗಳ ಗಾಳಿಯನ್ನು ಬೆಳಗ್ಗೆ ಹೊರಡುವ ಮುನ್ನ, ಅವು ತಣ್ಣಗಿರುವಾಗಲೇ ಅಳೆಯಿಸುವುದು ಮೇಲು.

ಕಾನೂನಿನ ಮಿತಿಯನ್ನೇ ಹಿತವಾದ ವೇಗವೆಂದು ಭಾವಿಸುವ ತಪ್ಪನ್ನು ನಾವು ಮಾಡಿದ್ದೆವು. ೨೦೧೮ರ ಏಪ್ರಿಲಿನ ಕೇಂದ್ರದ ಅಧಿಸೂಚನೆಯು ಒಂಬತ್ತಕ್ಕೂ ಹೆಚ್ಚು ಜನ ಕೂರುವ ವಾಹನಗಳಿಗೆ ನಾಲ್ಕು ಪಥದ ಹೆದ್ದಾರಿಯಲ್ಲಿ ೯೦ರವರೆಗೂ ಅವಕಾಶವನ್ನು ಕೊಟ್ಟಿತ್ತು. ಅದು ದಾಟಬಾರದ ಗೆರೆ. ತಲುಪಲೇಬೇಕಾದ ಗುರಿಯೆಂದು ಅದರಲ್ಲಿ ಎಲ್ಲಿಯೂ ಬರೆದಿಲ್ಲ.

ಇನ್ನು ನಮ್ಮ ಸೀಮೆಯ ರಸ್ತೆಗಳು. ಹಿಂತಿರುಗುವಾಗ ಚಿತ್ರದುರ್ಗ ಬಿಟ್ಟ ಮೇಲೆ ೬೫ರ ಲೆಕ್ಕವೂ ನಡೆಯಲಿಲ್ಲ. ಎದುರು ವಾಹನಗಳ ಒಂಟಿ ರಸ್ತೆಯಲ್ಲಿ ೫೦, ಊರುಗಳೊಳಗೆ ೩೦; ಅದಕ್ಕಿಂತ ಹೆಚ್ಚು ಸಲ್ಲದು. ಬಣ್ಣ ಬಳಿಯದ ಉಬ್ಬುಗಳು ಒಂದು ಕಡೆ, ಸುಗ್ಗಿಯ ಕಾಲದ ಒಕ್ಕಣೆ ಇನ್ನೊಂದು ಕಡೆ. ರಾಗಿಯನ್ನೂ ಹುರುಳಿಯನ್ನೂ ಡಾಂಬರಿನ ಮೇಲೆ ಹರಡಿ ವಾಹನಗಳ ಚಕ್ರಗಳಿಂದಲೇ ತುಳಿಸುವ ಅಭ್ಯಾಸ ನಮ್ಮ ಕಡೆ ಬಿಟ್ಟುಹೋಗಿಲ್ಲ. ನಾವೂ ರೈತರೇ, ಕಣ ಮಾಡುವ ಕಷ್ಟ ನಮಗೆ ಗೊತ್ತು. ಆದರೆ ಆ ಹುಲ್ಲಿನ ಮೇಲೆ ಬ್ರೇಕು ಹಿಡಿಯುವುದಿಲ್ಲ, ಗಾಡಿ ಜಾರುತ್ತದೆ. ಹುರುಳಿಯ ಬಳ್ಳಿ ಅಡಿಯ ತಿರುಗುವ ದಂಡಕ್ಕೆ ಸುತ್ತಿಕೊಂಡು, ಬಿಸಿಗೆ ಬೆಂಕಿ ಹತ್ತುವ ಭಯವೂ ಇದೆ. ಒಳಗೆ ಅನಿಲದ ಸಿಲಿಂಡರು ಇಟ್ಟುಕೊಂಡವರು ಇದನ್ನು ಹಗುರಾಗಿ ಕಾಣಲಾಗದು. ಒಂದೆರಡು ಕಡೆ ನಾವು ಇಳಿದು, ಹರಡಿದ್ದವರನ್ನು ಕೇಳಿಕೊಂಡು, ಒಂದು ಮಗ್ಗುಲಿಗೆ ಸರಿಸಿಕೊಂಡೇ ಮುಂದೆ ಹೋದೆವು. ಬೇಸರಿಸದೆ ಸರಿಸಿಕೊಟ್ಟರು.

ಸಿಂಗಟಗೆರೆ ಮುಟ್ಟುವಾಗ ಕತ್ತಲಾಗಿತ್ತು. ಅಂದುಕೊಂಡಿದ್ದಕ್ಕಿಂತ ಒಂದೂವರೆ ಗಂಟೆ ತಡ. ಮನೆಯ ಮುಂದೆ ಗಾಡಿ ನಿಂತು ಇಂಜಿನು ಆರಿದರೂ ಹಿಂದಿನಿಂದ ಮಾತಿಲ್ಲ. ದೀಪ ಹಾಕಿ ನೋಡಿದರೆ ತಾಯಿಯವರು ಬೆಲ್ಟಿನಲ್ಲಿ ಹಾಗೆಯೇ ಒರಗಿ ನಿದ್ದೆಹೋಗಿದ್ದರು. ಹೊಳಲ್ಕೆರೆ ದಾಟುವ ಮೊದಲೇ ಮಲಗಿದರೆಂದು ಸೊಸೆ ಹೇಳಿದಳು. ಚಾಲಕ ಬಾಗಿಲನ್ನು ಸದ್ದಾಗದಂತೆ ತೆಗೆದನು.