ಅಟ್ಟದಿಂದ ಮತ್ತೆ ಆಗಸಕ್ಕೆ

ಪುತ್ತೂರು, ಕಡಬ, ಸುಳ್ಯ ಕಡೆಯ ಹಳೆ ಮನೆಗಳ ಅಟ್ಟ ಹತ್ತಿದವರಿಗೆ ಗೊತ್ತು, ಅಲ್ಲಿ ಏನುಂಟು ಏನಿಲ್ಲ ಎಂದು! ತೂತು ಬಿದ್ದ ಹಂಡೆ, ಕಾಲು ಮುರಿದ ಮಂಚ, ಮಾತು ನಿಲ್ಲಿಸಿದ ರೇಡಿಯೋ, ಕಟ್ಟಿಟ್ಟ ಗೋಣಿಗಳು. ಆ ರಾಶಿಯ ನಡುವೆ ಐದಡಿ ರೆಕ್ಕೆಯ ಪುಟ್ಟ ವಿಮಾನವೊಂದು ಸಿಕ್ಕಿತೆಂದು ಇಟ್ಟುಕೊಳ್ಳಿ. ಗಲ್ಫಿನಿಂದ ರಜೆಗೆ ಬಂದ ಮಾವ ತಂದದ್ದಿರಬಹುದು. ಕಾಲೇಜಿನಲ್ಲಿ ಎನ್‌ಸಿಸಿ ವಾಯುದಳಕ್ಕೆ ಸೇರಿದ್ದ ಅಣ್ಣ ಆಸೆಪಟ್ಟು ಕಟ್ಟಿದ್ದಿರಬಹುದು. ಶಾಲೆಯ ಮೈದಾನದಲ್ಲಿ ಎರಡು ಸಲ ಹಾರಿ, ಮೂರನೇ ಸಲ ತೆಂಗಿನ ಮರಕ್ಕೆ ಬಡಿದು, ಅಂದಿನಿಂದ ಅಟ್ಟದ ಪಾಲಾಗಿದೆ.

ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಜಿಲ್ಲೆ ಇದು. ಕುಮಾರಧಾರೆಯ ಆಸುಪಾಸಿನ ಆಲಂಕಾರಿನಂಥ ಊರಿನಲ್ಲಿ ಆಷಾಢದ ತೇವಕ್ಕೆ ಗೋಡೆಯೇ ಬೂಸ್ಟು ಹಿಡಿಯುತ್ತದೆ. ಇನ್ನು ಕಾಗದದಷ್ಟು ಹಗುರವಾದ ಕಟ್ಟಿಗೆಯ ವಿಮಾನದ ಗತಿ ಏನು? ಅದನ್ನು ಗುಜರಿಯವನಿಗೆ ಕೊಡಬೇಕೇ, ಒಲೆಗೆ ಹಾಕಬೇಕೇ, ಅಥವಾ ಮತ್ತೆ ಹಾರಿಸಲು ಸಾಧ್ಯವೇ?

ಸಾಧ್ಯ. ಆದರೆ ಅದಕ್ಕೊಂದು ಕ್ರಮವಿದೆ.

ಬೀಳಲೆಂದೇ ಕಟ್ಟಿದ ವಿಮಾನ

ಹವ್ಯಾಸಿಗಳು ಇದನ್ನು ‘ಟ್ರೈನರ್’ ಎನ್ನುತ್ತಾರೆ. ರೇಡಿಯೋ ನಿಯಂತ್ರಣದಿಂದ ಮಾದರಿ ವಿಮಾನ ಹಾರಿಸಲು ಕಲಿಯುವವರಿಗೆಂದೇ ರೂಪಿಸಿದ್ದು. ರೆಕ್ಕೆ ಒಡಲಿನ ಮೇಲೆ ಕುಳಿತಿರುತ್ತದೆ. ರೆಕ್ಕೆಯ ಎರಡೂ ತುದಿಗಳು ತುಸು ಮೇಲೆತ್ತಿದಂತಿರುವುದರಿಂದ, ಒಂದು ಬದಿಗೆ ವಾಲಿದರೂ ಕಡ್ಡಿಯಿಂದ ಕೈ ತೆಗೆದರೆ ತಾನಾಗಿ ನೆಟ್ಟಗಾಗುವ ಗುಣ ಅದಕ್ಕಿದೆ. ನಿಧಾನವಾಗಿ ಹಾರುತ್ತದೆ, ನಿಧಾನವಾಗಿಯೇ ಇಳಿಯುತ್ತದೆ.

ಹಳೆಯ ಟ್ರೈನರುಗಳಲ್ಲಿ ಹೆಚ್ಚು ಪ್ರಚಾರದಲ್ಲಿದ್ದದ್ದು ‘40’ರ ವರ್ಗ. ಅಂದರೆ 0.40 ಘನ ಅಂಗುಲದ, ನಮ್ಮ ಲೆಕ್ಕದಲ್ಲಿ ಸುಮಾರು 6.5 ಸಿಸಿಯ ಎಂಜಿನು. ಒಂದೂವರೆ ಮೀಟರ್ ರೆಕ್ಕೆ. ಎರಡೂವರೆ ಕಿಲೋ ಆಸುಪಾಸಿನ ತೂಕ. ಒಡಲು ದಕ್ಷಿಣ ಅಮೆರಿಕದ ಬಾಲ್ಸಾ ಮರದ್ದು, ಗಟ್ಟಿ ಬೇಕಾದಲ್ಲಿ ಪ್ಲೈವುಡ್. ಮೇಲೆ ಇಸ್ತ್ರಿ ಪೆಟ್ಟಿಗೆಯ ಬಿಸಿಗೆ ಬಿಗಿದುಕೊಳ್ಳುವ ತೆಳು ಪ್ಲಾಸ್ಟಿಕ್ ಹೊದಿಕೆ.

ರೆಕ್ಕೆಯನ್ನು ಒಡಲಿಗೆ ಸ್ಕ್ರೂ ಹಾಕಿ ಬಿಗಿಯದೆ ಹತ್ತು ಹನ್ನೆರಡು ರಬ್ಬರ್ ಬ್ಯಾಂಡುಗಳಿಂದ ಕಟ್ಟಿರುವುದು ಮೊದಲ ಬಾರಿ ನೋಡಿದವರಿಗೆ ತಮಾಷೆ ಎನಿಸಬಹುದು. ವಿಮಾನ ನೆಲಕ್ಕೆ ಬಡಿದಾಗ ರಬ್ಬರು ಜಾರಿ ರೆಕ್ಕೆ ಕಳಚಿಕೊಳ್ಳುತ್ತದೆ; ಮುರಿಯುವುದು ತಪ್ಪುತ್ತದೆ. ಕಲಿಯುವವನು ಬೀಳಿಸಿಯೇ ಬೀಳಿಸುತ್ತಾನೆ ಎಂಬುದನ್ನು ಒಪ್ಪಿಕೊಂಡೇ ಇದನ್ನು ಕಟ್ಟಿರುತ್ತಾರೆ. ಆದ್ದರಿಂದಲೇ ಮುರಿದ ಟ್ರೈನರನ್ನು ರಿಪೇರಿ ಮಾಡುವುದು ಬೇರೆ ಮಾದರಿಗಳಿಗಿಂತ ಸುಲಭ.

ಜೇನಿನಿಂದ ಬಂದ ಹೆಸರು

ರೇಡಿಯೋ ಮೂಲಕ ಮಾದರಿ ವಿಮಾನ ಹಾರಿಸುವ ಹವ್ಯಾಸಕ್ಕೆ ಬುನಾದಿ ಹಾಕಿದವರಲ್ಲಿ ಅಮೆರಿಕದ ವಾಲ್ಟರ್ ಮತ್ತು ವಿಲಿಯಂ ಗುಡ್ ಎಂಬ ಅವಳಿ ಸಹೋದರರು ಮುಖ್ಯರು. ಅವರ ‘ಗಫ್’ ವಿಮಾನ 1937ರಲ್ಲಿ ಹಾರಿತು. ಈಗ ಅದು ಸ್ಮಿತ್‌ಸೋನಿಯನ್ ಸಂಸ್ಥೆಯ ವಸ್ತುಸಂಗ್ರಹದಲ್ಲಿದೆ.

ಅದಕ್ಕೂ ಮೊದಲೇ, 1935ರಲ್ಲಿ, ಬ್ರಿಟನ್ನಿನಲ್ಲಿ ತರಬೇತಿ ವಿಮಾನವೊಂದಕ್ಕೆ ಹೊಸ ಕೆಲಸ ಕೊಡುವ ಪ್ರಯೋಗ ನಡೆದಿತ್ತು. ಪೈಲಟ್‌ಗಳಿಗೆ ಪಾಠ ಕಲಿಸುತ್ತಿದ್ದ ‘ಟೈಗರ್ ಮಾತ್’ ವಿಮಾನದ ರೆಕ್ಕೆಗಳಿಗೆ ಮರದ ಒಡಲು ಜೋಡಿಸಿ, ಒಳಗೆ ರೇಡಿಯೋ ಕೂರಿಸಿ, ಪೈಲಟ್ ಇಲ್ಲದೆಯೇ ಹಾರಿಸಿದರು. ವಿಮಾನ ಹೊಡೆದುರುಳಿಸುವ ತೋಪುಗಳ ಗುರಿಗಾರರಿಗೆ ಅಭ್ಯಾಸಕ್ಕೊಂದು ಗುರಿ ಬೇಕಿತ್ತು. ಅದಕ್ಕಿಟ್ಟ ಹೆಸರು ‘ಕ್ವೀನ್ ಬೀ’, ಅಂದರೆ ರಾಣಿ ಜೇನು. ಸುಮಾರು 400 ಕ್ವೀನ್ ಬೀಗಳು ತಯಾರಾದವು. ಅವನ್ನು ನೋಡಿ ಬಂದ ಅಮೆರಿಕನ್ನರು ತಮ್ಮ ಪೈಲಟ್‌ರಹಿತ ವಿಮಾನಗಳಿಗೆ ‘ಡ್ರೋನ್’, ಗಂಡು ಜೇನು, ಎಂದು ಹೆಸರಿಟ್ಟರು ಎಂದು ಹೇಳುತ್ತಾರೆ. ಇಂದು ಮದುವೆ ಮನೆಯ ವಿಡಿಯೋದಿಂದ ಯುದ್ಧಭೂಮಿಯ ತನಕ ಎಲ್ಲೆಡೆ ಕೇಳುವ ಹೆಸರಿನ ಮೂಲದಲ್ಲಿ ಹೀಗೊಂದು ತರಬೇತಿ ವಿಮಾನ ಕುಳಿತಿದೆ! ನಮ್ಮಲ್ಲೂ ಇದೇ ಗುರಿಯ ಕೆಲಸಕ್ಕಾಗಿ ಬೆಂಗಳೂರಿನ ಎಡಿಇ ಸಂಸ್ಥೆ ‘ಲಕ್ಷ್ಯ’ ಎಂಬ ಪೈಲಟ್‌ರಹಿತ ವಿಮಾನ ರೂಪಿಸಿತು.

ಬೆಂಗಳೂರಿಗೆ ಇನ್ನೊಂದು ಕತೆಯೂ ಸೇರುತ್ತದೆ. ಹಿಂದುಸ್ಥಾನ್ ಏರ್‌ಕ್ರಾಫ್ಟ್ ಸಂಸ್ಥೆಯಲ್ಲಿ ಡಾ. ವಿ.ಎಂ. ಘಾಟ್ಗೆ ಅವರ ತಂಡ ವಿನ್ಯಾಸಗೊಳಿಸಿದ ಎಚ್‌ಟಿ-2 ಎಂಬ ಎರಡು ಆಸನದ ತರಬೇತಿ ವಿಮಾನ ಮೊದಲ ಬಾರಿ ಹಾರಿದ್ದು 1951ರ ಆಗಸ್ಟ್ 5ರಂದು. ಘಾಟ್ಗೆ ಅವರು ಜರ್ಮನಿಯ ಗಾಟಿಂಗೆನ್‌ನಲ್ಲಿ ಪ್ರಾಂಟ್ಲ್ ಅವರ ಬಳಿ ಕಲಿತು ಬಂದವರು. ವರ್ಷಗಳು ಕಳೆದು ಮೂಲ ಎಂಜಿನು ಹಳತಾದಾಗ ವಿಮಾನವನ್ನು ಮೂಲೆಗೆ ತಳ್ಳಲಿಲ್ಲ. ಅದೇ ಒಡಲಿಗೆ ಲೈಕಮಿಂಗ್ ಎಂಜಿನು ಕೂರಿಸಿ ಹಾರಾಟ ಮುಂದುವರಿಸಿದರು. ಮಾದರಿ ವಿಮಾನದ ಹವ್ಯಾಸಿಗಳು ಇಂದು ಮಾಡುತ್ತಿರುವುದೂ ಇದನ್ನೇ, ಸಣ್ಣ ಪ್ರಮಾಣದಲ್ಲಿ.

ಮೊದಲು ಮೂಗು, ಆಮೇಲೆ ಕೈ

ಅಟ್ಟದಿಂದ ಇಳಿಸಿದ ವಿಮಾನದ ಧೂಳು ಹೊಡೆದ ಕೂಡಲೇ ಬ್ಯಾಟರಿ ಹಾಕಿ ನೋಡುವ ಉತ್ಸಾಹ ಬೇಡ. ಮೊದಲು ಮೂಸಿ ನೋಡಬೇಕು. ಈ ಪುಟ್ಟ ಎಂಜಿನುಗಳು ಕುಡಿಯುವುದು ಪೆಟ್ರೋಲನ್ನಲ್ಲ. ಮೆಥನಾಲ್, ಅದಕ್ಕೆ ಐದನೇ ಒಂದು ಪಾಲಿನಷ್ಟು ಹರಳೆಣ್ಣೆ ಅಥವಾ ಕೃತಕ ಎಣ್ಣೆ, ಜತೆಗೆ ತುಸು ನೈಟ್ರೋಮೀಥೇನ್. ಎಂಜಿನಿನ ಹಿಂದಿನ ಹಲಗೆಯಲ್ಲಿ ಹರಳೆಣ್ಣೆಯ ಕಮಟು ವಾಸನೆ, ಕಂದು ಬಣ್ಣ ಕಂಡರೆ ಕಟ್ಟಿಗೆ ಎಣ್ಣೆ ಕುಡಿದಿದೆ ಎಂದೇ ಅರ್ಥ. ಎಣ್ಣೆ ಕುಡಿದ ಬಾಲ್ಸಾಕ್ಕೆ ಯಾವ ಅಂಟೂ ಹಿಡಿಯದು. ಅದರ ಮೇಲೆ ಜೋಳದ ಹಿಟ್ಟು ಅಥವಾ ಟಾಲ್ಕಂ ಪುಡಿ ಉದುರಿಸಿ, ಮೆಲ್ಲಗೆ ಬಿಸಿ ಗಾಳಿ ಹಾಯಿಸಿದರೆ ಎಣ್ಣೆ ಮೇಲೆದ್ದು ಪುಡಿಗೆ ಹೀರಿಕೊಳ್ಳುತ್ತದೆ. ನಾಲ್ಕಾರು ಸಲ ಮಾಡಬೇಕು. ಆಗಲೂ ಮೆತ್ತಗಿದ್ದರೆ ಆ ಭಾಗ ಕತ್ತರಿಸಿ ಹೊಸ ಪ್ಲೈವುಡ್ ಕೂರಿಸುವುದೇ ಲೇಸು.

ಆಮೇಲೆ ಗೆದ್ದಲು. ಹೊದಿಕೆ ಹೊರಗಿನಿಂದ ಸರಿಯಾಗಿ ಕಂಡರೂ ಒಳಗಿನ ಪಕ್ಕೆಲುಬು ಟೊಳ್ಳಾಗಿರಬಹುದು. ಬೆಳಕಿಗೆ ಹಿಡಿದು ನೋಡಿ, ಬೆರಳಿನಿಂದ ಒತ್ತಿ ಪರೀಕ್ಷಿಸಬೇಕು. ರೆಕ್ಕೆಯ ಎರಡು ಭಾಗ ಸೇರುವ ನಡು ಬೆಸುಗೆಯನ್ನು ತಿರುಚಿ ನೋಡಬೇಕು. ಹಾರಾಟದ ಭಾರವೆಲ್ಲ ಅಲ್ಲಿಯೇ ಬೀಳುವುದು. ಗಾಲಿ ಕೂರಿಸಿದ ಹಲಗೆ, ಬಾಲದ ಅಂಟು, ಒಂದೊಂದು ಬಿಜಾಗರಿ, ಯಾವುದನ್ನೂ ಎಳೆದು ನೋಡದೆ ಬಿಡುವಂತಿಲ್ಲ. ರಬ್ಬರ್ ಬ್ಯಾಂಡು ಕಟ್ಟುವ ಗೂಟ ಮುರಿದಿದ್ದರೆ ಹಣಿದ ಬಿದಿರಿನ ಕಡ್ಡಿ ಸಾಕು. ಬ್ಯಾಂಡುಗಳನ್ನಂತೂ ಹೊಸದಾಗಿ ಕೊಳ್ಳಬೇಕು.

ಎಂಜಿನು ತಿರುಗದಿದ್ದರೆ ಪಂಖ ಹಿಡಿದು ಬಲವಂತ ಮಾಡಬಾರದು. ಒಳಗಿನ ಹರಳೆಣ್ಣೆ ವಾರ್ನಿಷಿನಂತೆ ಗಟ್ಟಿಯಾಗಿರುತ್ತದೆ. ಬಿಸಿ ಗಾಳಿ ಹಾಯಿಸಿ, ತೆಳು ಎಣ್ಣೆ ಬಿಟ್ಟು, ರಾತ್ರಿಯಿಡೀ ಇಟ್ಟರೆ ಹೆಚ್ಚಿನವು ಬಿಡಿಸಿಕೊಳ್ಳುತ್ತವೆ. ಮೆಥನಾಲ್ ಗಾಳಿಯ ತೇವ ಹೀರುವ ದ್ರವ; ಹಾರಾಟ ಮುಗಿದ ಮೇಲೆ ಎಣ್ಣೆ ಬಿಡದೆ ಇಟ್ಟ ಎಂಜಿನಿನ ಬೇರಿಂಗು ತುಕ್ಕು ಹಿಡಿದಿರುತ್ತದೆ. ಅದನ್ನು ಬದಲಿಸಬಹುದು. ಟ್ಯಾಂಕಿನೊಳಗಿನ ಸಿಲಿಕಾನ್ ನಳಿಕೆ ಗಟ್ಟಿಯಾಗಿದ್ದರೆ ಅದನ್ನೂ ಬದಲಿಸಬೇಕು.

ಇನ್ನು ರೇಡಿಯೋ. ಹಳೆಯ ಸೆಟ್ಟುಗಳು 35 ಅಥವಾ 72 ಮೆಗಾಹರ್ಟ್ಸ್ ತರಂಗದಲ್ಲಿ ಕೆಲಸ ಮಾಡುತ್ತಿದ್ದವು. ಒಂದೇ ಕಂಪನಾಂಕದಲ್ಲಿ ಇಬ್ಬರು ಸ್ವಿಚ್ ಒತ್ತಿದರೆ ಒಬ್ಬನ ವಿಮಾನ ನೆಲಕ್ಕೆ! ಹೀಗಾಗಿ ಮೈದಾನದಲ್ಲಿ ಯಾರು ಯಾವ ಕಂಪನಾಂಕ ಬಳಸುತ್ತಿದ್ದಾರೆಂದು ತೋರಿಸುವ ಬಾವುಟ, ಚೀಟಿಗಳಿರುತ್ತಿದ್ದವು. ಈಗಿನ 2.4 ಗಿಗಾಹರ್ಟ್ಸ್ ಸೆಟ್ಟುಗಳಲ್ಲಿ ಈ ತಾಪತ್ರಯವಿಲ್ಲ. ಹಳೆಯ ರೇಡಿಯೋ ಮತ್ತು ನಿಕ್ಕೆಲ್-ಕ್ಯಾಡ್ಮಿಯಂ ಬ್ಯಾಟರಿಯ ಮೇಲೆ ಮಮತೆ ಬೇಡ. ಬ್ಯಾಟರಿಯ ಕಪ್ಪು ತಂತಿ ಒಳಗೊಳಗೇ ಕರಗಿ ಹೋಗಿರುವುದು ಸಾಮಾನ್ಯ. ಹೊರಗಿನಿಂದ ಅದು ಗೊತ್ತೇ ಆಗುವುದಿಲ್ಲ.

ಹೊಸ ಹೃದಯ

ಹಳೆಯ ಟ್ರೈನರಿಗೆ ಇಂದು ಎಲ್ಲರೂ ಮಾಡಿಸುವ ದೊಡ್ಡ ಶಸ್ತ್ರಚಿಕಿತ್ಸೆ ಎಂದರೆ ಎಂಜಿನು ಕಿತ್ತು ವಿದ್ಯುತ್ ಮೋಟಾರು ಹಾಕುವುದು. ಕಾರಣ ಸ್ಪಷ್ಟ. ಮೆಥನಾಲ್ ಸುಲಭವಾಗಿ ಸಿಗದು, ಮೇಲಾಗಿ ಅದು ವಿಷ, ಕಣ್ಣನ್ನೇ ಕಳೆಯಬಲ್ಲದು. ಎಂಜಿನಿನ ಸದ್ದಿಗೆ ನೆರೆಮನೆಯವರ ಮುಖವೂ ಗಂಟಿಕ್ಕುತ್ತದೆ.

ಲೆಕ್ಕ ಸರಳ. ಇಂಥ ವಿಮಾನಕ್ಕೆ ಪ್ರತಿ ಕಿಲೋ ತೂಕಕ್ಕೆ ಸುಮಾರು 220 ವ್ಯಾಟ್ ಶಕ್ತಿ ಇದ್ದರೆ ನಿರಾತಂಕವಾಗಿ ಹಾರುತ್ತದೆ. ಎರಡೂವರೆ ಕಿಲೋ ಎಂದರೆ 550 ವ್ಯಾಟ್. ನಾಲ್ಕು ಕೋಶಗಳ, 14.8 ವೋಲ್ಟಿನ ಲಿಥಿಯಂ ಪಾಲಿಮರ್ ಬ್ಯಾಟರಿಯಿಂದ ಇಷ್ಟು ಶಕ್ತಿ ಪಡೆಯಲು 37 ಆಂಪಿಯರ್ ಬೇಕು. ಆದ್ದರಿಂದ ವೇಗ ನಿಯಂತ್ರಕ 60 ಆಂಪಿಯರಿನದಿದ್ದರೆ ಕ್ಷೇಮ. 4000 ಮಿಲಿಆಂಪಿಯರ್-ಗಂಟೆಯ ಬ್ಯಾಟರಿಯಿಂದ ಎಂಟು-ಹತ್ತು ನಿಮಿಷ ಹಾರಿಸಬಹುದು.

ಆದರೆ ಈ ಬ್ಯಾಟರಿಗಳಿಗೂ ಮಡಿ ಮೈಲಿಗೆ ಉಂಟು. ಕೋಶವೊಂದಕ್ಕೆ 4.2 ವೋಲ್ಟಿಗಿಂತ ಹೆಚ್ಚು ತುಂಬಬಾರದು, 3 ವೋಲ್ಟಿಗಿಂತ ಕೆಳಗೆ ಇಳಿಸಬಾರದು, ಮಳೆಗಾಲಕ್ಕೆ ಎತ್ತಿಡುವಾಗ 3.8ರಲ್ಲಿ ನಿಲ್ಲಿಸಬೇಕು. ಚಾರ್ಜಿಗೆ ಹಾಕಿ ತೋಟಕ್ಕೆ ಹೋಗುವಂತಿಲ್ಲ. ಊದಿಕೊಂಡ ಬ್ಯಾಟರಿ ಬೆಂಕಿಯ ಮೂಲ.

ಬ್ಯಾಟರಿ ತಂಪಾಗಿರಲು ಒಡಲಿಗೆ ಗಾಳಿ ಒಳ ಬರುವ ಕಿಂಡಿ, ಅದಕ್ಕಿಂತ ದೊಡ್ಡದಾದ ಹೊರಹೋಗುವ ಕಿಂಡಿ ಮಾಡಬೇಕು. ಎಲ್ಲ ಮುಗಿದ ಮೇಲೆ ತೂಕದ ಪರೀಕ್ಷೆ: ರೆಕ್ಕೆಯ ಮುಂಬದಿಯಿಂದ ಅದರ ಅಗಲದ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಎರಡು ಬೆರಳಿಟ್ಟು ಎತ್ತಿದರೆ ವಿಮಾನ ಸಮವಾಗಿ ನಿಲ್ಲಬೇಕು. ಮೂಗು ಸ್ವಲ್ಪ ಭಾರವಾದರೆ ಹಾರಾಟ ಮಂದವಾದೀತು, ಅಷ್ಟೇ. ಬಾಲ ಭಾರವಾದರೆ ಮೊದಲ ಹಾರಾಟವೇ ಕೊನೆಯದು. ದುರಸ್ತಿಯಾದ ವಿಮಾನಗಳಲ್ಲಿ ಈ ತಪ್ಪು ಸಾಮಾನ್ಯ. ಬಾಲಕ್ಕೆ ಹಚ್ಚಿದ ಅಂಟಿನ ತೂಕವನ್ನು ಲೆಕ್ಕಕ್ಕೆ ಹಿಡಿಯಲು ಮರೆತಿರುತ್ತಾರೆ.

ಮದ್ದು ಬಿಡಬಹುದೇ?

ಅಡಿಕೆ ನಾಡಿನಲ್ಲಿ ಯಾರೇ ಆದರೂ ಕೇಳುವ ಮೊದಲ ಪ್ರಶ್ನೆ ಇದು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡಲು ಮರ ಹತ್ತುವವರು ಸಿಗದ ಕಾಲ. ಈ ವಿಮಾನ ಆ ಕೆಲಸ ಮಾಡೀತೇ? ಇಲ್ಲ. ಇದು ಹೊರಬಲ್ಲದ್ದು ಕೆಲವು ನೂರು ಗ್ರಾಂ ಮಾತ್ರ. ಒಂದೆಡೆ ನಿಲ್ಲಲಾರದು, ಮುಂದೆ ಓಡುತ್ತಲೇ ಇರಬೇಕು. ಮದ್ದು ತಲುಪಬೇಕಾದದ್ದು ಸೋಗೆಯ ಅಡಿಯ ಗೊನೆಗೆ. ಅದು ಬಹುಪಂಖಗಳ ದೊಡ್ಡ ಡ್ರೋನಿನ ಕೆಲಸ.

ಹಳೆಯ ಟ್ರೈನರಿಗೆ ಒಪ್ಪುವ ಕೆಲಸಗಳು ಬೇರೆ ಇವೆ. ಸಣ್ಣ ಕ್ಯಾಮೆರಾ ಕಟ್ಟಿ ಗುಡ್ಡೆಯ ಹಸಿರು, ಗದ್ದೆಯ ನೀರು ನೋಡಬಹುದು. ಎಂಜಿನಿಲ್ಲದ ಗ್ಲೈಡರನ್ನು ಎತ್ತರಕ್ಕೆ ಎಳೆದೊಯ್ಯಲು ಬಳಸಬಹುದು. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಸ್ವಯಂಚಾಲನೆಯ ಪುಟ್ಟ ಕಂಪ್ಯೂಟರನ್ನು ಪರೀಕ್ಷಿಸಲು ಇಂಥ ಸಾಧು ವಿಮಾನವನ್ನೇ ಆರಿಸುತ್ತಾರೆ. ಕಂಪ್ಯೂಟರು ತಪ್ಪಿದರೂ ವಿಮಾನ ತಾಳ್ಮೆಯಿಂದ ಕಾಯುತ್ತದೆ. ಎರಡು ಟ್ರಾನ್ಸ್‌ಮಿಟರುಗಳನ್ನು ಜೋಡಿಸಿ, ಗುರುವಿನ ಕೈಯಲ್ಲೊಂದು ಶಿಷ್ಯನ ಕೈಯಲ್ಲೊಂದು ಕೊಟ್ಟು, ಮತ್ತೆ ಪಾಠಕ್ಕೂ ಇಳಿಸಬಹುದು. ಶಿಷ್ಯ ತಪ್ಪಿದೊಡನೆ ಗುರು ತನ್ನ ಸ್ವಿಚ್ಚು ಬಿಟ್ಟರೆ ಹಿಡಿತ ಅವನ ಕೈಗೆ.

ಇನ್ನು ರಿಪೇರಿಯಾಗದಷ್ಟು ಹಾಳಾದದ್ದು? ಒಂದು ಬದಿಯ ಹೊದಿಕೆ ಸುಲಿದು, ಪಕ್ಕೆಲುಬು, ಸರಳು, ಬಾಲದ ಚುಕ್ಕಾಣಿ ಎಲ್ಲ ಕಾಣುವಂತೆ ಶಾಲೆಯ ವಿಜ್ಞಾನ ಕೋಣೆಯಲ್ಲಿ ತೂಗುಹಾಕಬಹುದು. ವಿಮಾನ ಹೇಗೆ ಹಾರುತ್ತದೆ ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರವಿಲ್ಲ.

ಕಾನೂನು, ಬಯಲು

ಎಲ್ಲೆಂದರಲ್ಲಿ ಹಾರಿಸುವಂತಿಲ್ಲ. 2021ರ ಡ್ರೋನ್ ನಿಯಮಗಳ ಪ್ರಕಾರ ಹಸಿರು ವಲಯದಲ್ಲಿ 400 ಅಡಿ ಎತ್ತರದ ತನಕ ಅವಕಾಶವಿದೆ. ಯಾವುದು ಹಸಿರು, ಯಾವುದು ಕೆಂಪು ಎಂಬುದು ‘ಡಿಜಿಟಲ್ ಸ್ಕೈ’ ನಕ್ಷೆಯಲ್ಲಿದೆ. ವ್ಯಾಪಾರದ ಉದ್ದೇಶವಿಲ್ಲದ, 2 ಕಿಲೋ ಒಳಗಿನ ಹಾರಾಟಕ್ಕೆ ಪೈಲಟ್ ಪ್ರಮಾಣಪತ್ರ ಬೇಕಿಲ್ಲ. ‘40’ರ ಟ್ರೈನರು ಈ ಮಿತಿ ಮೀರುವುದರಿಂದ ಹಾರಿಸುವ ಮುನ್ನ ನಿಯಮ, ನೋಂದಣಿಯ ವಿವರ ನೋಡಿಕೊಳ್ಳುವುದು ಅಗತ್ಯ. ವಿಮಾನ ಸದಾ ಕಣ್ಣಳತೆಯಲ್ಲಿರಬೇಕು. ಹತ್ತಂಗುಲದ ಪಂಖ ನಿಮಿಷಕ್ಕೆ ಹತ್ತು ಸಾವಿರ ಸುತ್ತು ತಿರುಗುವಾಗ ಅದು ಕತ್ತಿಯೇ ಸರಿ. ಮಕ್ಕಳು ಹಿಂದೆ ನಿಲ್ಲಬೇಕು.

ಕಾನೂನಿಗಿಂತ ದೊಡ್ಡ ತೊಡಕು ಜಾಗದ್ದು. ಬಯಲುಗದ್ದೆಗಳು ಅಡಿಕೆ ತೋಟವಾಗಿ, ಗುಡ್ಡೆಗಳು ರಬ್ಬರ್ ಕಾಡಾಗಿ, ವಿಮಾನ ಇಳಿಸಲು ನೂರು ಮೀಟರ್ ಖಾಲಿ ನೆಲ ಸಿಗುವುದೇ ಕಷ್ಟ. ಉಳಿದಿರುವುದು ಶಾಲೆಯ ಮೈದಾನ, ಕೊಯ್ಲು ಮುಗಿದ ಗದ್ದೆ. ಅದೂ ಮಕ್ಕಳಿಲ್ಲದ ಬೆಳಗಿನ ಹೊತ್ತು, ಗಾಳಿ ಏಳುವ ಮುನ್ನ. ಅಡಿಕೆ ಮರದ ತುದಿಯಲ್ಲಿ ಸಿಕ್ಕಿಕೊಂಡ ವಿಮಾನ ಇಳಿಸಲು ಮತ್ತೆ ಮರ ಹತ್ತುವವರನ್ನೇ ಹುಡುಕಬೇಕು!

ಅಂಗಡಿಯಲ್ಲಿ ಈಗ ಥರ್ಮೊಕೋಲಿನಂಥ ಹಗುರ ನೊರೆಯ ಸಿದ್ಧ ವಿಮಾನಗಳು ಸಿಗುತ್ತವೆ. ಮುರಿದರೆ ಎಸೆದು ಇನ್ನೊಂದು ತರಬಹುದು. ಬಾಲ್ಸಾದ ಹಳೆ ಟ್ರೈನರನ್ನು ಬಿಚ್ಚಿ, ಎಣ್ಣೆ ತೆಗೆದು, ಬೆಸುಗೆ ಪರೀಕ್ಷಿಸಿ, ತೂಕ ಸರಿದೂಗಿಸಿದ ಹುಡುಗನಿಗೆ ವಿಮಾನ ಏಕೆ ಹಾರುತ್ತದೆ, ಏಕೆ ಬೀಳುತ್ತದೆ ಎಂಬುದು ಕೈಗೇ ಗೊತ್ತಾಗಿರುತ್ತದೆ. ಒಂದು ಮಳೆಗಾಲ ಜಗಲಿಯಲ್ಲಿ ಕುಳಿತು ಮಾಡುವಷ್ಟು ಕೆಲಸ ಅದರಲ್ಲಿದೆ. ಗದ್ದೆ ಒಣಗಿ, ಆಕಾಶ ತಿಳಿಯಾಗುವ ಹೊತ್ತಿಗೆ ಸಿದ್ಧವಾದೀತು. ಈ ಸಲ ತೆಂಗಿನ ಮರ ಎಲ್ಲಿದೆ ಎಂದು ಮೊದಲೇ ನೋಡಿಟ್ಟುಕೊಂಡರಾಯಿತು.